ಕುಂಟಬೇಕಾಗಿದ್ದ ಆಮೆ

ಅಮ್ಮ,

ಅನ್ನ ಕುಕ್ಕರಿನಲ್ಲೇ ಇದೆ, ಸಾರು ಬಿಸಿ ಮಾಡಿಕೊ.

ಈಗ ನಿಜ ಹೇಳು. ಮೇಜಿನ ಮೇಲಿದ್ದ ಮೋಟರ್ ಆಮೆಯನ್ನು ಮುಟ್ಟಿದವರು ಯಾರು? ನಮ್ಮ ಏಳನೇ ಕ್ಲಾಸಿನವರು ನಡೆಯುವ ಆಟಿಕೆ ಪ್ರಾಣಿಗಳನ್ನು ತಾವೇ ಜೋಡಿಸುವ ಮೊದಲು ತಪ್ಪು ಹುಡುಕುವುದನ್ನು ಕಲಿಯಲಿ ಅಂತ ನಾನೇ ಅದರ ಎಡಗಾಲು ಸಡಿಲ ಮಾಡಿ ಕುಂಟಿಸಿದ್ದೆ. ಬೆಳಿಗ್ಗೆ ನೋಡಿದರೆ ನೆಟ್ಟಗೆ ನಡೆಯುತ್ತಿದೆ. ನಿನ್ನ ಅಳಿಯನನ್ನು ಕೇಳಿದೆ. "ಸ್ಕ್ರೂ ಯಾವ ಕಡೆ ತಿರುಗುತ್ತೆ ಅಂತಾನೇ ನಂಗೊತ್ತಿಲ್ಲ ಕಣೇ," ಅಂದ. ನಂಬಿದೆ. ಮೊನ್ನೆ ಬಚ್ಚಲಿನ ಬಲ್ಬ್ ಹಾಕಿದ್ದೂ ನಾನೇ.

ಮನೆಯಲ್ಲಿ ಇನ್ನುಳಿದವಳು ನೀನೊಬ್ಬಳೇ. ನೀನು ಕೆಲಸ ಮಾಡುತ್ತಿದ್ದ ವಾಚ್ ಫ್ಯಾಕ್ಟರಿ ಮುಚ್ಚಿದ ದಿನದಿಂದ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ ಅಂದವಳು, ಸೂಜಿಗೆ ದಾರ ಪೋಣಿಸುವುದಕ್ಕೂ ನನ್ನನ್ನು ಕರೆಯುವವಳು. ಆದರೆ ಆ ಕಾಲಿಗೆ ಹಾಕಿರುವ ವಾಷರ್ ಸಾಸಿವೆ ಕಾಳಿನಷ್ಟಿದೆ. ಅಟ್ಟದಲ್ಲಿರುವ ನಿನ್ನ ಹಳೇ ಟೂಲ್ಸ್ ಡಬ್ಬಿಯ ಮೇಲೆ ಧೂಳೂ ಇಲ್ಲ.

ಬೈಯುವುದಿಲ್ಲ. ಮತ್ತೆ ಕುಂಟಿಸಲು ನೋಡಿದೆ, ನೀನು ಬಿಗಿದ ಸ್ಕ್ರೂ ನನ್ನ ಕೈಯಲ್ಲಿ ಬಿಚ್ಚಲಾಗಲಿಲ್ಲ. ಹಾಗಾಗಿ ಪಾಠದ ಪ್ಲಾನನ್ನೇ ಬದಲಾಯಿಸಿದ್ದೇನೆ. ಎರಡು ಗಂಟೆಗೆ ಆಟೋ ಹಿಡಿದು ಸ್ಕೂಲಿಗೆ ಬಾ, ಕೊಡಿಗೇಹಳ್ಳಿ ಗೇಟ್ ಹತ್ತಿರ ಅನ್ನು. ಹೊಸ ಟೀಚರ್ ಬರುತ್ತಾರೆ ಅಂತ ಮಕ್ಕಳಿಗೆ ಹೋದ ತಕ್ಷಣ ಹೇಳಿಬಿಡುತ್ತೇನೆ. ನನ್ನನ್ನು ಸುಳ್ಳುಗಾರ್ತಿ ಮಾಡಬೇಡ.

ವೇದಾ