ಬರುವ ಮೊದಲೇ ಹಾಕಿದ ಬೋರ್ಡು

ಚನ್ನರಾಯಪಟ್ಟಣ
೧೭-೮-೨೦೦೩, ಭಾನುವಾರ

ಸೌಭಾಗ್ಯವತಿ ಚೂಡಾಮಣಿಗೆ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ಪೊರೆ ತೆಗೆಸಿದ ಮೇಲೆ ಮಾವನವರಿಗೆ ಪೇಪರಿನ ಸಣ್ಣ ಅಕ್ಷರವೂ ಕಾಣುತ್ತದೆಯಂತೆ, ಕೇಳಿ ಸಂತೋಷವಾಯಿತು. ಅತ್ತೆಯವರ ಮಂಡಿನೋವಿಗೆ ಅಮ್ಮ ಎಣ್ಣೆ ಕಾಯಿಸಿಟ್ಟಿದ್ದಾಳೆ, ಆ ಕಡೆ ಬರುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ಇಲ್ಲಿ ನಾವಿಬ್ಬರೂ ಆರೋಗ್ಯ. ನೀನು ಮಾಡಿಟ್ಟು ಹೋದ ಪುಳಿಯೋಗರೆ ಗೊಜ್ಜು ಮಾತ್ರ ಭರಣಿಯ ತಳ ಕಂಡಿದೆ. ಅಪ್ಪನ ಕಣ್ಣಿನ ಆಪರೇಷನ್, ಎಂಟು ದಿನ ಇದ್ದು ಬರುತ್ತೇನೆ ಅಂತ ಅರಕಲಗೂಡಿಗೆ ಹೋದವಳು ನೀನು, ಎರಡೂವರೆ ತಿಂಗಳಾಯಿತು. ಫೋನಿನಲ್ಲಿ ಮಾತಾಡೋಣ ಎಂದರೆ ನಿಮ್ಮ ಮನೆಯ ಫೋನು ನಡುಮನೆಯಲ್ಲಿ, ಅದರ ಪಕ್ಕದಲ್ಲೇ ಮಾವನವರ ಕುರ್ಚಿ. ನಾನು ಇಲ್ಲಿ ಹಲೋ ಅಂದರೆ ಅಲ್ಲಿ ಅವರು ಕೆಮ್ಮುತ್ತಾರೆ. ಅದಕ್ಕೇ ಈ ಕಾಗದ.

ತಲೆ ಕೆಟ್ಟುಹೋಗಿದೆ ಕಣೆ. ಆ ಕಂಪ್ಯೂಟರ್ ಆಟ ಮತ್ತೆ ಮುಂದಕ್ಕೆ ಹೋಯಿತು. ಯಾವ ಆಟ ಅಂತ ಕೇಳಬೇಡ, ನಮ್ಮ ಅಂಗಡಿಯ ಮಾನ ಕಳೆದ ಆಟ ಒಂದೇ. ಎರಡು ವರ್ಷದ ಹಿಂದೆ ದೀಪಾವಳಿಯಲ್ಲಿ ಕಂಪ್ಯೂಟರ್ ಪತ್ರಿಕೆಯ ಜೊತೆ ಒಂದು ಸಿಡಿ ಬಂದಿತ್ತಲ್ಲ, ಅದರಲ್ಲಿ ಎರಡು ನಿಮಿಷದ ಚಿತ್ರ ತೋರಿಸಿದ್ದರು. ಕೋಟೆ ಉರಿಯುತ್ತದೆ, ಕುದುರೆಗಳು ಹೊಳೆ ದಾಟುತ್ತವೆ, ಕೊನೆಗೆ ಮುಂದಿನ ವರ್ಷ ಬಿಡುಗಡೆ ಎಂದು ದೊಡ್ಡ ಅಕ್ಷರ. ನಾನು ಅದನ್ನು ಗಂಟೆ ಲೆಕ್ಕದಲ್ಲಿ ಆಟ ಆಡಲು ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಅದು ಓಡಬೇಕೆಂದರೆ ಇಂಥದ್ದೇ ಗ್ರಾಫಿಕ್ಸ್ ಕಾರ್ಡು ಬೇಕು ಅಂತ ಪತ್ರಿಕೆಯಲ್ಲಿ ಬರೆದಿದ್ದನ್ನು ನಂಬಿ ಎರಡು ಕಂಪ್ಯೂಟರಿಗೆ ಹೊಸ ಕಾರ್ಡು ಹಾಕಿಸಿದೆ. ಸಾಲದು ಅಂತ ಪೇಂಟರ್ ತಿಮ್ಮಪ್ಪನನ್ನು ಹಿಡಿದು ಹೈವೇ ಕಡೆಗೆ ಕಾಣುವ ಹಾಗೆ ಬೋರ್ಡು ಬರೆಸಿದೆ: ಕುದುರೆ, ಕೋಟೆ, ಕೆಳಗೆ ಕೆಂಪಿನಲ್ಲಿ ‘ಶೀಘ್ರದಲ್ಲೇ’. ಆ ಕುದುರೆ ನೋಡಿ ನೀನು ಇದು ಹಸು ಇರಬೇಕು ಅಂತ ನಕ್ಕಿದ್ದೆ.

ಆಮೇಲೆ ಶುರುವಾಯಿತು ನೋಡು ಗ್ರಹಚಾರ. ದೀಪಾವಳಿಗೆ ಅಂದವರು ಸಂಕ್ರಾಂತಿಗೆ ಅಂದರು, ಸಂಕ್ರಾಂತಿ ಕಳೆದ ಮೇಲೆ ಬೇಸಿಗೆಗೆ ಅಂದರು. ಈ ತಿಂಗಳ ಪತ್ರಿಕೆಯಲ್ಲಿ ತಾರೀಖೇ ಇಲ್ಲ, ‘ಸಿದ್ಧವಾದಾಗ ಬರುತ್ತದೆ’ ಎಂದು ಒಂದು ಸಾಲು. ಈ ಬುದ್ಧಿ ಮೊದಲು ಎಲ್ಲಿ ಹೋಗಿತ್ತು? ಅಡಿಪಾಯ ತೋಡುವ ಮುಂಚೆ ಗೃಹಪ್ರವೇಶದ ಕಾರ್ಡು ಹಂಚುವವರು ಇವರು. ಆ ಎರಡು ನಿಮಿಷದ ಕೋಟೆಯೂ ಬರೀ ತೋರಿಸುವುದಕ್ಕೆ ಮಾಡಿದ್ದಂತೆ, ಆಟದಲ್ಲಿ ಅದು ಇರುತ್ತದೋ ಇಲ್ಲವೋ ಅವರಿಗೇ ಗೊತ್ತಿಲ್ಲವಂತೆ! ಹೇಳಿದವರು ಎಲ್ಲೋ ಸಮುದ್ರದ ಆಚೆ ತಣ್ಣಗೆ ಕೂತಿದ್ದಾರೆ, ಉತ್ತರ ಕೊಡುವವನು ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಎದುರಿಗಿರುವ ಸಂಪತ್ಕುಮಾರ. ಕಾಲೇಜಿನವರು ಕೇಳುತ್ತಾರೆ, ಹಾಸನದ ಬಸ್ಸಿನ ಕಂಡಕ್ಟರು ಕಿಟಕಿಯಿಂದಲೇ ಕೂಗಿ ಕೇಳುತ್ತಾನೆ. ನಮ್ಮ ಅಂಗಡಿಗೆ ಈಗ ‘ಶೀಘ್ರದಲ್ಲೇ ಅಂಗಡಿ’ ಅಂತಲೇ ಹೆಸರು ಬಿದ್ದಿದೆ.

ಮೊನ್ನೆ ಶುಕ್ರವಾರ ರೇಗಿ ಆ ಬೋರ್ಡು ಇಳಿಸಿಬಿಟ್ಟೆ. ನಾನು ಸ್ಟೂಲಿನ ಮೇಲೆ ನಿಂತು ಮೊಳೆ ಕೀಳುತ್ತಿದ್ದರೆ, ತೆಂಗಿನಕಾಯಿ ಮಂಡಿಯ ಕಾಂತರಾಜು ಕೆಳಗೆ ನಿಂತು ಬೇಡ ಸಾ ಅಂತ ತಡೆಯುತ್ತಾನೆ. ಆ ಆಟಕ್ಕೆ ಎಲ್ಲರಿಗಿಂತ ಹೆಚ್ಚು ಕಾದವನು ಅವನೇ. ಸುಳ್ಳು ಹೇಳಿದ ಕಂಪನಿಯ ಪರವಾಗಿ ಮಾತಾಡುತ್ತೀಯಲ್ಲಯ್ಯಾ ಅಂದೆ. “ಅವ್ರು ಏಳ್ದೆ ಇದ್ರೆ ನಾವು ಕಾಯೋದೆಂಗೆ ಸಾ? ಎಲ್ಡು ವರ್ಸ ಕಾಯಿ ಲೋಡ್ ಮಾಡ್ತಾ ಮಾಡ್ತಾ ಅದ್ನೇ ನೆನೀತಿದ್ದೆ. ಅದೂ ಒಂದು ಸುಖವೇಯ” ಅಂದ. ಅವನು ಹೇಳಿದ್ದರಲ್ಲೂ ನಿಜ ಇದೆ, ಅದೇ ನನಗೆ ಇನ್ನೂ ಸಿಟ್ಟು ಬರಿಸಿತು. ಕಾಯುವವನಿಗೆ ಸುಖ ಇರಬಹುದು. ಆದರೆ ಆ ಆಟ ಕಟ್ಟುತ್ತಿರುವವನು ಯಾರೋ ಇರುತ್ತಾನಲ್ಲ, ಅವನ ಗತಿ ಏನು? ಅಂಗಡಿಯವನಾದ ನನ್ನನ್ನೇ ಇಷ್ಟು ಕೇಳುತ್ತಾರೆಂದರೆ ಅವನನ್ನು ಎಷ್ಟು ಜನ ಆಯಿತಾ, ಆಯಿತಾ ಅಂತ ಕೇಳುತ್ತಿರಬೇಕು?

ಬೋರ್ಡನ್ನು ಒಳಗೆ ತಂದು ಗೋಡೆಗೆ ಒರಗಿಸುವಾಗ ಹೊಳೆಯಿತು. ಇದನ್ನು ನಾನೂ ಮಾಡಿದ್ದೇನೆ, ಚೂಡಾ. ಹೋದ ವರ್ಷ ಯುಗಾದಿ ಆದ ಮೇಲೆ ಹಾಸನದ ಡಾಕ್ಟರು ಹೌದು ಎಂದ ದಿನವೇ ನಾನು ಬಸ್‌ಸ್ಟ್ಯಾಂಡಿನ ತುಂಬಾ ಪೇಡ ಹಂಚಿದೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ನಮ್ಮಲ್ಲಿ ಪದ್ಧತಿ ಇಲ್ಲ ಅಂತ ಅತ್ತೆಯವರು ಹೇಳಿ ಕಳಿಸಿದ್ದರು. ಇದೆಲ್ಲ ಹಳೇ ಕಾಲದ ಹೆದರಿಕೆ ಅಂತ ನಾನು ನಕ್ಕೆ. ಒಂದು ತಿಂಗಳಿಗೆ ಆ ಆಸೆ ಹೋಯಿತು. ಹಂಚಿದ ಪೇಡ ಮಾತ್ರ ಯಾರೂ ಮರೆಯಲಿಲ್ಲ. ನಾನು ಅಂಗಡಿಯಲ್ಲಿ ಹಾಯಾಗಿ ಇದ್ದೆ, ದೇವಸ್ಥಾನದಲ್ಲಿ, ತರಕಾರಿ ಅಂಗಡಿಯಲ್ಲಿ, ದರ್ಜಿಯ ಹತ್ತಿರ ಉತ್ತರ ಕೊಟ್ಟವಳು ನೀನು. ಪಕ್ಕದ ಟೀ ಅಂಗಡಿ ಚೆನ್ನಯ್ಯನ ಹೆಂಡತಿ ನಂಜಮ್ಮ ಒಂದು ದಿನ ನಮ್ಮ ಅಂಗಡಿಯ ಬಾಗಿಲಲ್ಲೇ ನಿನ್ನನ್ನು ನಿಲ್ಲಿಸಿ, “ಈಗೆಷ್ಟು ತಿಂಗ್ಳವ್ವ?” ಅಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. “ಇಲ್ಲ ನಂಜಮ್ಮ, ನಿಲ್ಲಲಿಲ್ಲ” ಅಂದೆ ನೀನು. ನಾನು ಒಳಗೇ ಇದ್ದೆ. ಕೇಳಿಸಿತು. ಎದ್ದು ಬರುವುದು ಬಿಟ್ಟು ಕೆಟ್ಟಿಲ್ಲದ ಒಂದು ಮೌಸನ್ನು ಬಿಚ್ಚುತ್ತಾ ಕೂತೆ. ಇದನ್ನು ನಾನು ನಿನಗೆ ಇವತ್ತಿನವರೆಗೂ ಹೇಳಿರಲಿಲ್ಲ. ತಪ್ಪಾಯಿತು. ಒಂದಲ್ಲ, ಎರಡು ತಪ್ಪು.

ಯಾವಾಗ ಬರುತ್ತೀಯ ಎಂದು ಈ ಕಾಗದದಲ್ಲಿ ಕೇಳುವುದಿಲ್ಲ. ನನ್ನನ್ನು ಎಲ್ಲರೂ ಅದನ್ನೇ ಕೇಳಿ ಕೇಳಿ ಆ ಪ್ರಶ್ನೆಯ ಮೇಲೇ ನನಗೆ ಬೇಸರ ಬಂದಿದೆ. ಮಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ಹೇಳು. ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಗೊಜ್ಜಿಗೆ ಹುಣಸೆ ಎಷ್ಟು ಅಂತಲೂ ಕೇಳಿದ್ದಾಳೆ.

ನಿನ್ನ
ಸಂಪತ್ತು

ವಿ.ಸೂ.: ಲಕೋಟೆ ಅಂಟಿಸಲು ಹೋದವನು ಕಾಗದವನ್ನು ಮತ್ತೆ ಬಿಚ್ಚಿದೆ. ನಿನ್ನೆ ನಿನ್ನ ತಮ್ಮ ಮುರಳೀಕೃಷ್ಣ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದಿದ್ದ. ಅಕ್ಕ ಹೇಗಿದ್ದಾಳೆ ಅಂದೆ. “ನಾಲ್ಕು ತುಂಬಿತಲ್ಲ ಭಾವ, ಈಗ ವಾಂತಿ ನಿಂತಿದೆ” ಅಂದ. ನನ್ನ ಮುಖ ನೋಡಿದ ಮೇಲೆ ಅವನಿಗೆ ಹೊಳೆಯಿತು, ನಾಲಿಗೆ ಕಚ್ಚಿಕೊಂಡ. ಅವನನ್ನು ಬೈಯಬೇಡ. ನನಗೆ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಗಂಡನಿಗೇ ಹೇಳಲಿಲ್ಲವಲ್ಲ ಅಂತ ಕೋಪವೂ ಬಂತು. ಆಮೇಲೆ, ಯಾವ ಧೈರ್ಯದ ಮೇಲೆ ಹೇಳುತ್ತಿದ್ದೆ ನೀನು, ಅನ್ನಿಸಿತು. ಮುರಳಿ ಬಸ್ಸು ಹತ್ತಿದ ಮೇಲೆ ಚೆನ್ನಯ್ಯ ಟೀ ತಂದು, “ಏನ್ ಸಾ, ಮೊಕ ಒಂಥರಾ ಅದೆ, ಊರಿಂದ ಏನಾರ ಇಸ್ಯವಾ?” ಅಂದ. ಏನೂ ಇಲ್ಲ ಅಂದೆ. ಅಮ್ಮನಿಗೂ ಹೇಳಿಲ್ಲ. ನೀನಾಗಿ ಹೇಳುವವರೆಗೆ ನನಗೂ ಗೊತ್ತಿಲ್ಲ.