ಆವಿಮನೆಯ ಬಿಳಿ ಶುಂಠಿ

ಬೀದರ್, ೨೩೧೯, ಎರಡನೆಯ ಮಾಘ, ಮೂವತ್ತಾರನೆಯ ದಿನ

ಮೂರು ಶತಮಾನಗಳ ಹಿಂದೆ ಶುಂಠಿ ಬೆಳೆದವರಿಗೆ,

ಈ ಬೆಳಿಗ್ಗೆ ನಮ್ಮ ಆವಿಮನೆಯ ಹಿಂದಿನ ಚರಂಡಿ, ಒಳಗಿರುವ ಎಣ್ಣೆಯ ಸೀಸೆಗಿಂತ ಹೆಚ್ಚು ಘಮಘಮಿಸುತ್ತಿತ್ತು. ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಮಾಘ ಎರಡು ಸಲ ಬರುವ, ತಿಂಗಳು ಮೂವತ್ತು ದಿನ ಮೀರುವ ಕಾಲದ ಕನ್ನಡ ಇದು. ಆವಿಮನೆಯೆಂದರೆ ಒಣಶುಂಠಿಯ ಪುಡಿಗೆ ಹಬೆ ಹಾಯಿಸಿ ಎಣ್ಣೆ ಇಳಿಸುವ ಜಾಗ. ಎಣ್ಣೆಯಲ್ಲಿ ಪರಿಮಳವಷ್ಟೇ ಇರುತ್ತದೆ. ಖಾರ ಬೇಕೆಂದರೆ ಪುಡಿಯನ್ನು ಮದ್ಯಸಾರದಲ್ಲಿ ನೆನೆಸಿ, ಸೋಸಿ, ಆ ಸಾರವನ್ನು ಹಾರಿಸಿ, ತಳದಲ್ಲಿ ಉಳಿಯುವ ಕಂದು ಅಂಟನ್ನು ತೆಗೆಯಬೇಕು. ನೀವು ಓಲಿಯೊರೆಸಿನ್ ಎಂದದ್ದನ್ನು ನಾವು ಖಾರದಂಟು ಎನ್ನುತ್ತೇವೆ. ಹಸಿ ಶುಂಠಿ ಈಗ ಮನೆಗಳಿಗೆ ಸಿಗುವುದಿಲ್ಲ. ಇಡೀ ಊರಿನ ಚಹಾ, ಕಷಾಯ, ಸಾರು ಈ ಎರಡರ ಮೇಲೇ ನಡೆಯುತ್ತವೆ.

ಊರು ಬೆಳೆದು, ಎರಡು ವರ್ಷದಿಂದ ಎಣ್ಣೆ ಸಾಲುತ್ತಿಲ್ಲ. ತಪ್ಪು ಹಬೆಯ ಕಡಾಯ ನೋಡಿಕೊಳ್ಳುವ ನನ್ನ ಚಿಕ್ಕವ್ವ ಕಾಶೀಬಾಯಿಯದಂತೆ. ಈ ಸುಗ್ಗಿಯ ಕೊನೆಯ ಗಾಡಿಯ ಶುಂಠಿಯಲ್ಲೂ ಎಣ್ಣೆ ಕಡಿಮೆ ಬಂದರೆ ಅವಳು ಕೆಲಸ ಬಿಡಬೇಕು. ಗಾಡಿ ನಾಳೆ ಬರುತ್ತದೆ.

ಇಷ್ಟಕ್ಕೂ ಎಣ್ಣೆ ಇರುವುದು ಸಿಪ್ಪೆಯ ಕೆಳಗೇ. ನಾವೋ ಬೆಳಗಾದರೆ ಸಾಲಾಗಿ ಕೂತು ಶುಂಠಿಯನ್ನು ಬೆಳ್ಳಗಾಗುವವರೆಗೆ ಕೆರೆಯುತ್ತೇವೆ, ಕೆರೆದದ್ದನ್ನೆಲ್ಲ ಚರಂಡಿಗೆ ತೊಳೆದುಬಿಡುತ್ತೇವೆ, ಮೇಸ್ತ್ರಿ ವೈಜಿನಾಥ ಕಾಕಾಗೆ ತೋರಿಸುತ್ತೇವೆ, ಆಮೇಲೆ ಹೆಚ್ಚಿ ಒಣಗಿಸಿ ಪುಡಿ ಮಾಡುತ್ತೇವೆ! ಸೀಸೆಗಳ ಮೇಲೆ ಹೆಸರು ಬರೆಯುವವಳು ನಾನು. ಸಾಹಿತ್ಯ ಓದಿದ್ದಕ್ಕೆ ಸಿಕ್ಕ ಕೆಲಸ. ಆದರೂ ಇವತ್ತು ಧೈರ್ಯ ಮಾಡಿ ಕೇಳಿದೆ: “ಕಾಕಾ, ಹೆಂಗೂ ಪುಡಿ ಮಾಡೋದೇ, ಸಿಪ್ಪಿ ಯಾಕ ತೆಗೀಬೇಕ್ರಿ?”

“ಹಿರಿಯರು ತೆಗೀತಿದ್ರು. ನೀ ಹೆಸರು ಬರಿಯವ್ವ, ಶುಂಠಿ ಸುದ್ದಿಗೆ ಬರಬ್ಯಾಡ.”

ಚಿಕ್ಕವ್ವ ಒಲೆಯ ಕಡೆಯಿಂದಲೇ ಕೂಗಿದಳು: “ಬೆಳ್ಳಗ ಮಾಡ್ರಿ, ಚೆಂದಗ ಮಾಡ್ರಿ! ಕಡಾಯಕ್ಕ ಹೆಣ್ಣು ತೋರಸಲಾಕ ಹೊಂಟೀರಲ್ಲ!” ಎಲ್ಲರೂ ನಕ್ಕರು. ನಕ್ಕು, ಮತ್ತೆ ಕೆರೆಯತೊಡಗಿದರು.

ಆ ಹಿರಿಯರು ನೀವೇ. ಬಿಳಿ ಶುಂಠಿ ನಿಮ್ಮ ಸಂತೆಯಲ್ಲಿ ಗಿರಾಕಿಯ ಕಣ್ಣಿಗೆ ಬೇಕಾಗಿತ್ತು, ಸರಿ. ಕಡಾಯಕ್ಕೆ ಕಣ್ಣಿದೆಯೇ? ಪದ್ಧತಿಯನ್ನು ನಮಗೆ ದಾಟಿಸಿದಿರಿ, ಕಾರಣವನ್ನು ನಿಮ್ಮಲ್ಲೇ ಇಟ್ಟುಕೊಂಡಿರಿ. ದಯವಿಟ್ಟು ಇನ್ನು ಮುಂದೆ ಮಕ್ಕಳಿಗೆ ಏನಾದರೂ ಕಲಿಸಿದರೆ, ಏಕೆಂದೂ ಹೇಳಿ. ಯಾವಾಗ ಬಿಡಬಹುದೆಂದೂ ಹೇಳಿ.

ನಾಳೆ ಗಾಡಿ ಇಳಿದ ಕೂಡಲೇ, ಕಾಕಾ ಬರುವ ಮೊದಲೇ, ಶುಂಠಿಯನ್ನು ತೊಳೆದು ಸಿಪ್ಪೆಸಮೇತ ಹೆಚ್ಚಿ ಬಿಸಿಲಿಗೆ ಹರವುತ್ತೇನೆ. ಚಿಕ್ಕವ್ವನಿಗೂ ಹೇಳುವುದಿಲ್ಲ. ಯಾರು ಮಾಡಿದ್ದು ಎಂದು ಕಾಕಾ ಕೇಳಿದಾಗ, ನನ್ನನ್ನು ಉಳಿಸಲು ತಾನೇ ಎನ್ನಲು ಅವಳು ಬಾಯಿ ತೆರೆಯುವ ಮೊದಲು ನಾನೇ ಎದ್ದು ನಿಲ್ಲುತ್ತೇನೆ.

ನಿಮ್ಮ ವಂಶದವಳು,
ಶಿವಲೀಲಾ