ಹಳೆಯ ಕೀಲಿ

ಹೊಸಪೇಟೆ, ಭಾನುವಾರ

ಶೈಲಜಾ ಅವರಿಗೆ,

ಮೊನ್ನೆ ನಿಮ್ಮ ಮನೆಗೆ ಬಂದಾಗ ‘ನಮ್ಮನಿಯವ್ರು ನಿಮಗ ಬರದದ್ದು, ನೀವ ಓದಬೇಕಲ್ರಿ’ ಎಂದೋ ಏನೋ ಅಂದಿರಿ. ನಾನು ಎದ್ದು ಬಂದುಬಿಟ್ಟೆ.

ಹಾಲೇಶನ ದೇಹ ಕಾಲುವೆಯಲ್ಲಿ ಸಿಕ್ಕಿದ ಹಿಂದಿನ ದಿನ ಅವನು ಕಳಿಸಿದ ಮೇಲ್ ನನ್ನಲ್ಲಿದೆ. ಕಾಲು ಜಾರಿತೋ, ತಾನೇ ಇಳಿದನೋ ಎಂಬುದು ಅದರಿಂದ ತಿಳಿದೀತು ಎಂದು ನಿಮಗೆ ಅನ್ನಿಸಿದೆ, ನನಗೂ. ಆದರೆ ಅದನ್ನು ತೆರೆಯಲಾರೆ. ನಮ್ಮ ಪತ್ರಗಳನ್ನು ಬೇರೆ ಯಾರೂ ಓದಲಾಗದಂತೆ ಕಂಪ್ಯೂಟರಿನಲ್ಲೇ ನಾವು ಬೀಗ ಹಾಕುತ್ತಿದ್ದೆವು. ನನಗೆ ಬರುವುದಕ್ಕೆ ಬೀಗ ಹಾಕುವ ಅರ್ಧ ಕೀಲಿ ಅವನ ಬಳಿ, ತೆರೆಯುವ ಅರ್ಧ ನನ್ನ ಕಂಪ್ಯೂಟರಿನಲ್ಲಷ್ಟೇ. ಬಚ್ಚಿಡುವಂಥದ್ದು ಏನೂ ಇರಲಿಲ್ಲ, ನಂಬಿ. ಅದು ನನ್ನ ಹಟ. ಅವನು ಸ್ನೇಹಕ್ಕೆ ಕಲಿತ.

ಹೊಸ ಕೀಲಿ ಬಂದರೆ ಎದುರೆದುರು ಕುಳಿತು ಅದರ ಗುರುತಿನ ನಲವತ್ತು ಅಕ್ಷರ ಓದಿ ತಾಳೆ ನೋಡಬೇಕು, ಬೇರೆ ಯಾರೋ ನಮ್ಮ ಹೆಸರಲ್ಲಿ ಕಳಿಸಿರಬಹುದು, ಅಲ್ಲಿಯವರೆಗೆ ನಂಬಬಾರದು ಎಂಬ ನಿಯಮವೂ ನನ್ನದೇ. ಮೊದಲ ಸಲ ಕಂಪ್ಲಿ ಬಸ್ ನಿಲ್ದಾಣದಲ್ಲಿ ಓದಿದಾಗ, ‘ಜಾತಕ ಕೂಡ್ಸಾಕ ಬಂದೀವೇನಲೇ?’ ಎಂದು ನಕ್ಕಿದ್ದ. ಯುಗಾದಿಯ ನಂತರ ನಾನು ಹೊಸ ಕೀಲಿ ಮಾಡಿ ಅವನ ಅರ್ಧವನ್ನು ಅವನಿಗೆ ಕಳಿಸಿ, ನನ್ನಲ್ಲಿದ್ದ ಹಳೆಯದನ್ನು ಅಳಿಸಿಹಾಕಿದೆ. ‘ಬಾರಲೇ, ಓದಿಬಿಡೂಣು’ ಎಂದು ಎರಡು ಸಲ ಕರೆದ. ನಾನು ಹೋಗಲಿಲ್ಲ. ಕೊನೆಯ ಮೇಲ್‌ಗೆ ಅವನು ನಿಯಮದಂತೆ ಹಳೆಯ ಕೀಲಿಯಿಂದಲೇ ಬೀಗ ಹಾಕಿದ್ದಾನೆ, ಅದನ್ನು ತೆರೆಯುವುದು ಈಗ ನನ್ನಲ್ಲಿಲ್ಲ.

ಅವನ ಲ್ಯಾಪ್‌ಟಾಪನ್ನು ಯಾರಿಗೂ ಕೊಡಬೇಡಿ, ರಿಪೇರಿಗೂ ಬೇಡ. ಬೀಗ ಹಾಕುವ ಮುಂಚಿನ ಕರಡು ಅದರಲ್ಲಿ ಉಳಿದಿದ್ದರೂ ಉಳಿದೀತು. ಮಂಗಳವಾರ ಬರುತ್ತೇನೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಆ ಮೇಲ್‌ನ ಗಾತ್ರ ಮಾತ್ರ ಕಾಣುತ್ತದೆ. ಎರಡು ಪುಟವಾದರೂ ಇದ್ದೀತು. ಅಷ್ಟೆಲ್ಲ ಬರೆದವನು ನೀನು, ಹಾಲೇಶ, ಒಂದೇ ಒಂದು ಸಲ ನನ್ನ ನಿಯಮ ಮೀರಿದ್ದರೆ ಆಗುತ್ತಿರಲಿಲ್ಲವೇನೋ?

ಮುರುಗೇಶ್